ಒಂದೇ ಬೆಳಕು, ಕಪ್ಪು ಕುಪ್ಯ: ಗಾಢ ನೆರಳಿನ ಭಾವಚಿತ್ರ ತೆಗೆಯುವ ಬಗೆ

ಕಕ್ಕಡದ, ಅಂದರೆ ಕೊಡವರ ಮಳೆಗಾಲದ ತಿಂಗಳಿನ, ಮಳೆ ಹಿಡಿದ ದಿನಗಳಲ್ಲಿ ಕೊಡಗಿನ ಹಳೆಯ ಹೆಂಚಿನ ಮನೆಗಳ ಒಳಗೆ ನಡುಮಧ್ಯಾಹ್ನವೂ ಕತ್ತಲೆಯೇ ಇರುತ್ತದೆ. ಕರೆಂಟು ಹೋಗಿ ಎರಡು ದಿನವಾಗಿರುತ್ತದೆ. ಅಂಗಳದ ಕಡೆಯ ಕಿಟಕಿಯಿಂದ ಬರುವ ಬೂದು ಬೆಳಕು ಕೋಣೆಯ ನಡುವಿನವರೆಗೆ ಬಂದು ಅಲ್ಲಿಗೇ ನಿಂತುಬಿಡುತ್ತದೆ. ಫೋಟೊ ತೆಗೆಯುವವರು ಈ ಕಾಲದಲ್ಲಿ ಕ್ಯಾಮೆರಾವನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯೊಳಗಿಟ್ಟು ಸುಗ್ಗಿಹಬ್ಬ ಪುತ್ತರಿಯ ಹೊತ್ತಿನ ಬಿಸಿಲಿಗೆ ಕಾಯುವುದೇ ಹೆಚ್ಚು. ಆದರೆ ಗಾಢ ನೆರಳಿನ, ನಾಟಕೀಯವಾದ ಭಾವಚಿತ್ರ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಸಿಗುವುದು ಕಷ್ಟ. ಅಂಥ ಚಿತ್ರಕ್ಕೆ ಬೇಕಾದ ಎರಡು ವಸ್ತುಗಳು, ಅಂದರೆ ಒಂದೇ ದಿಕ್ಕಿನಿಂದ ಬರುವ ಬೆಳಕು ಮತ್ತು ಆ ಬೆಳಕನ್ನು ಹಿಂದಿರುಗಿಸದೆ ನುಂಗಿಕೊಳ್ಳುವ ಗೋಡೆಗಳು, ಆ ಮನೆಯಲ್ಲಿ ಮೊದಲೇ ಇರುತ್ತವೆ.

ಉದಾಹರಣೆಗೆ ಒಬ್ಬ ಅಜ್ಜನನ್ನು ನಮ್ಮೆದುರು ಕೂರಿಸಿಕೊಳ್ಳೋಣ. ಅವರು ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿಯಾದ ಕಪ್ಪು ಕುಪ್ಯ ತೊಟ್ಟಿದ್ದಾರೆ. ಅದರ ಗಿಡ್ಡ ತೋಳಿನ ಕೆಳಗೆ ಬಿಳಿ ಅಂಗಿಯ ತೋಳು ಕಾಣುತ್ತಿದೆ. ಸೊಂಟಕ್ಕೆ ಸುತ್ತಿದ ಕೆಂಪು ಪಟ್ಟಿಯಾದ ಚೇಲೆಯಲ್ಲಿ ಬೆಳ್ಳಿ ಕೆಲಸದ ಪೀಚೆಕತ್ತಿ ಎಂಬ ಕಿರುಗತ್ತಿ ಇದೆ. ಬೆಳಕಿನ ದೃಷ್ಟಿಯಿಂದ ಇದು ಬಹಳ ಕಠಿಣವಾದ ಉಡುಪು, ಏಕೆಂದರೆ ಬೆಳಕನ್ನು ಹೀರುವ ಕಪ್ಪು, ಬೆಳಕಿಗೆ ಬೇಗ ಸುಟ್ಟುಹೋಗುವ ಬಿಳಿ, ಕನ್ನಡಿಯಂತೆ ಹೊಳೆಯುವ ಲೋಹ ಮೂರೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ನಾನು ಮೊದಲ ಸಲ ಇಂಥ ಚಿತ್ರ ತೆಗೆಯಲು ಹೋದಾಗ ಭಯಕ್ಕೆ ಮೂರು ದೀಪ ಹಚ್ಚಿದ್ದೆ. ಕುಪ್ಯ ಬೂದುಬಣ್ಣಕ್ಕೆ ತಿರುಗಿತು, ಮೂಗಿಗೆ ಮೂರು ನೆರಳು ಬಿದ್ದವು. ಮುಂದಿನ ಸಲ ಎರಡು ದೀಪ ತೆಗೆದು ಹಿಂದೆ ಕಪ್ಪು ಪರದೆ ಕಟ್ಟಿದೆ. ಆಗ ಮೈಯೆಲ್ಲ ಪರದೆಯಲ್ಲಿ ಕರಗಿ, ಒಂದು ಮುಖ ಮತ್ತು ಎರಡು ಕೈ ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಮೊಮ್ಮಗಳು ಅದನ್ನು ನೋಡಿ ನಕ್ಕಿದ್ದು ನ್ಯಾಯವೇ ಆಗಿತ್ತು. ಈ ಎರಡು ತಪ್ಪುಗಳ ನಡುವಿನ ದಾರಿಯೇ ಈ ಬರಹದ ವಿಷಯ.

ಮೊದಲು ಮುಚ್ಚುವ ಕೆಲಸ

ಒಂದೇ ಬೆಳಕಿನಲ್ಲಿ ಚಿತ್ರ ತೆಗೆಯುವುದೆಂದರೆ ಅರ್ಧ ಕೆಲಸ ಉಳಿದ ಬೆಳಕನ್ನು ನಿಲ್ಲಿಸುವುದರಲ್ಲೇ ಇದೆ. ಕಣ್ಣು ಕತ್ತಲೆಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆಯಲ್ಲಿ ಎಷ್ಟು ಕಡೆಯಿಂದ ಬೆಳಕು ನುಸುಳುತ್ತಿದೆ ಎಂಬುದು ನಮಗೆ ತಿಳಿಯುವುದಿಲ್ಲ. ಬಾಗಿಲ ಸಂದು, ಮಾಡಿನ ನಡುವೆ ಕೂರಿಸಿದ ಗಾಜಿನ ಹೆಂಚು, ಎದುರು ಗೋಡೆಯ ಸುಣ್ಣದ ಬಿಳಿ, ಕೊನೆಗೆ ತೆಗೆಯುವವರು ತೊಟ್ಟ ಬಿಳಿ ಅಂಗಿ ಕೂಡ ನೆರಳಿನ ಭಾಗಕ್ಕೆ ಬೆಳಕು ತುಂಬುತ್ತದೆ. ಗಾಜಿನ ಹೆಂಚಿನ ಕೆಳಗೆ ಗೋಣಿತಾಟು ಕಟ್ಟಿ, ಬಾಗಿಲುಗಳನ್ನು ಮುಚ್ಚಿ, ನೀವು ಗಾಢ ಬಣ್ಣದ ಬಟ್ಟೆ ತೊಡಿ. ಅಜ್ಜನ ನೆರಳಿನ ಕೆನ್ನೆಯ ಕಡೆ, ಚೌಕಟ್ಟಿನೊಳಗೆ ಬಾರದಂತೆ ಎರಡು ಅಡಿ ದೂರದಲ್ಲಿ, ಒಂದು ಕರಿ ಕಂಬಳಿಯನ್ನು ಹಗ್ಗದ ಮೇಲೆ ಇಳಿಬಿಡಿ. ಬಿಳಿ ಥರ್ಮೋಕೋಲ್ ಹಲಗೆ ನೆರಳನ್ನು ತಿಳಿಯಾಗಿಸಿದರೆ ಕಂಬಳಿ ಅದನ್ನು ಇನ್ನಷ್ಟು ಗಾಢಗೊಳಿಸುತ್ತದೆ. ದುಬಾರಿ ದೀಪಕ್ಕಿಂತ ಈ ಒಂದು ಕಂಬಳಿ ಚಿತ್ರವನ್ನು ಹೆಚ್ಚು ಬದಲಾಯಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಎಲ್ಲ ಮುಚ್ಚಿದ ಮೇಲೆ ಒಂದು ಪರೀಕ್ಷೆ ಮಾಡಬೇಕು. ನಿಮ್ಮ ಮುಖ್ಯ ದೀಪವನ್ನು ಆರಿಸಿ, ಕಿಟಕಿಯಾದರೆ ಅದನ್ನೂ ಕ್ಷಣಕಾಲ ಮುಚ್ಚಿ, ಚಿತ್ರಕ್ಕೆ ಬಳಸಲಿರುವ ಅಳತೆಗಳಲ್ಲೇ ಒಂದು ಫೋಟೊ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬಂದರೆ ಮುಂದಕ್ಕೆ ಹೋಗಬಹುದು. ಏನಾದರೂ ಕಂಡರೆ, ಆ ಬೆಳಕು ಎಲ್ಲಿಂದ ಬಂತೆಂದು ಹುಡುಕಬೇಕು.

ಕಿಟಕಿಯ ಆಯ್ಕೆಯಲ್ಲಿ ನಮ್ಮ ಕಡೆಗೇ ಸಲ್ಲುವ ಒಂದು ಎಚ್ಚರಿಕೆಯಿದೆ. ತೋಟಕ್ಕೆ ಮುಖ ಮಾಡಿದ ಕಿಟಕಿಯಿಂದ ಬರುವ ಬೆಳಕು ಕಾಫಿ ಗಿಡಗಳ ಮತ್ತು ನೆರಳು ಮರಗಳ ಎಲೆಗಳನ್ನು ದಾಟಿ, ಅವುಗಳಿಗೆ ತಾಗಿ ಬರುವುದರಿಂದ ಹಸಿರು ಛಾಯೆಯನ್ನು ಹೊತ್ತಿರುತ್ತದೆ, ಮತ್ತು ಆ ಹಸಿರು ಮುಖದ ಚರ್ಮದ ಮೇಲೆ ಕಾಯಿಲೆಯವರಂತೆ ಕಾಣುತ್ತದೆ. ಅಂಗಳದ ಕಡೆಯ, ಆಕಾಶ ಕಾಣುವ ಕಿಟಕಿಯನ್ನೇ ಆರಿಸಿಕೊಳ್ಳಿ. ಬೇರೆ ಕಿಟಕಿಯೇ ಇಲ್ಲದಿದ್ದರೆ ಅಂಗಿಯ ಬಿಳಿ ತೋಳನ್ನು ಆಧಾರವಾಗಿಟ್ಟು ಕ್ಯಾಮೆರಾದ ಬಣ್ಣದ ಹೊಂದಾಣಿಕೆಯನ್ನು, ಅಂದರೆ ವೈಟ್ ಬ್ಯಾಲೆನ್ಸನ್ನು, ಸರಿಪಡಿಸಿಕೊಳ್ಳಬಹುದು. ಇನ್ನೊಂದು ಮಾತು: ಹಳೆಯ ಮನೆಗಳ ಕಿಟಕಿಗಳು ನೆಲಕ್ಕೆ ಹತ್ತಿರವಾಗಿರುತ್ತವೆ, ಕೂತವರ ಮುಖಕ್ಕೆ ಅವುಗಳ ಬೆಳಕು ಕೆಳಗಿನಿಂದ ಬೀಳುತ್ತದೆ. ಆದ್ದರಿಂದ ಕಿಟಕಿಯ ಕೆಳ ಅರ್ಧವನ್ನು ರಟ್ಟಿನಿಂದಲೋ ದಪ್ಪ ಬಟ್ಟೆಯಿಂದಲೋ ಮುಚ್ಚಿ, ಬೆಳಕು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಇಳಿಯುವಂತೆ ಮಾಡಬೇಕು. ಬೇಸಿಗೆಯಲ್ಲಿ ಸಿಮೆಂಟಿನ ಕಣದ ಬದಿಯಲ್ಲಿರುವ ಕೋಣೆಗಳಿಗೂ ಇದೇ ಸಮಸ್ಯೆ. ಖಾಲಿ ಕಣಕ್ಕೆ ತಾಗಿ ಎದ್ದ ಬಿಸಿಲು ಗಲ್ಲದ ಕೆಳಗೆ ಹೊಡೆದು, ಎಂಥ ಸೌಮ್ಯ ಮುಖವನ್ನೂ ಭೂತದಂತೆ ತೋರಿಸುತ್ತದೆ.

ಬೆಳಕಿನ ಗಾತ್ರ ಮತ್ತು ದೂರ

ಕಿಟಕಿ ಇಲ್ಲದಿದ್ದರೆ, ಅಥವಾ ರಾತ್ರಿಯಾದರೆ, ಒಂದು ಎಲ್‌ಇಡಿ ಬಲ್ಬು ಅಥವಾ ಕ್ಯಾಮೆರಾದಿಂದ ಬೇರ್ಪಡಿಸಿ ಸ್ಟ್ಯಾಂಡಿನ ಮೇಲಿಟ್ಟ ಫ್ಲ್ಯಾಶ್ ಸಾಕು. ನೆರಳಿನ ಅಂಚು ಕತ್ತರಿಸಿದಂತೆ ಇರಬೇಕೋ, ನಿಧಾನವಾಗಿ ಕರಗಬೇಕೋ ಎಂಬುದನ್ನು ನಿರ್ಧರಿಸುವುದು ದೀಪದ ಶಕ್ತಿಯಲ್ಲ; ಮುಖದ ಜಾಗದಿಂದ ನೋಡಿದಾಗ ಆ ದೀಪ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯ ಎಷ್ಟೇ ದೊಡ್ಡವನಾದರೂ ದೂರದಲ್ಲಿ ಸಣ್ಣ ಬಿಂದುವಾಗಿ ಕಾಣುವುದರಿಂದ ಬಿಸಿಲಿನ ನೆರಳು ಗಡುಸು. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುವುದರಿಂದ ನೆರಳು ಮೃದು. ಹಾಗೆಯೇ ಬರೀ ಬಲ್ಬಿನ ಬೆಳಕು ಗಡುಸು. ಅದರ ಮುಂದೆ ಎರಡಡಿ ಅಗಲಕ್ಕೆ ಬಿಳಿ ಪಂಚೆಯನ್ನು ಬಿಗಿದು ಕಟ್ಟಿ, ಪಂಚೆಯನ್ನು ಮುಖದಿಂದ ಮೂರಡಿ ದೂರದಲ್ಲಿಟ್ಟರೆ ಅದೇ ಬೆಳಕು ಮೃದುವಾಗುತ್ತದೆ. ಅದೇ ಪಂಚೆಯನ್ನು ಹತ್ತಡಿ ಹಿಂದಕ್ಕೆ ಒಯ್ದರೆ ಮತ್ತೆ ಗಡುಸಾಗುತ್ತದೆ. ಹಿರಿಯರ ಮುಖಕ್ಕೆ ನಾನು ಎರಡರ ನಡುವಿನದನ್ನು ಇಷ್ಟಪಡುತ್ತೇನೆ: ಸುಕ್ಕು ಕಾಣಬೇಕು, ಆದರೆ ಕೆತ್ತಿದಂತೆ ಇರಬಾರದು.

ದೂರಕ್ಕೆ ಇನ್ನೊಂದು ಲೆಕ್ಕವೂ ಇದೆ. ಸಣ್ಣ ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ನಾಲ್ಕು ಪಟ್ಟಾದರೆ ಹದಿನಾರನೆಯ ಒಂದು ಭಾಗಕ್ಕೆ. ದೀಪದಿಂದ ಮುಖಕ್ಕೆ 1 ಮೀಟರ್, ಹಿಂದಿನ ಗೋಡೆಗೆ 4 ಮೀಟರ್ ಇದ್ದರೆ ಗೋಡೆಗೆ ಬೀಳುವ ಬೆಳಕು ನಾಲ್ಕು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು), ಹಾಗಾಗಿ ಸುಣ್ಣ ಬಳಿದ ಗೋಡೆಯೂ ಚಿತ್ರದಲ್ಲಿ ಗಾಢ ಬೂದಾಗಿಬಿಡುತ್ತದೆ. ಅಂದರೆ ಕಪ್ಪು ಪರದೆಯನ್ನು ಕೊಳ್ಳುವ ಬದಲು ದೀಪವನ್ನು ಹತ್ತಿರಕ್ಕೆ ತಂದು, ಗೋಡೆಯಿಂದ ದೂರ ಸರಿದರೆ ಸಾಕು. ಸೌದೆ ಒಲೆಯ ಹೊಗೆ ಹಿಡಿದು ಕರಿಯಾದ ಅಡುಗೆಮನೆಯ ಗೋಡೆ ಸಿಕ್ಕರಂತೂ ಅದರ ಮುಂದೆ ಯಾವ ಪರದೆಯೂ ಬೇಡ.

ಆದರೆ ದೀಪವನ್ನು ತೀರ ಹತ್ತಿರ ತಂದರೆ ಕೈಗಳನ್ನು ಕಳೆದುಕೊಳ್ಳುತ್ತೀರಿ. ದೀಪ ಮುಖದಿಂದ ಅರ್ಧ ಮೀಟರ್, ತೊಡೆಯ ಮೇಲಿರಿಸಿದ ಕೈಗಳಿಂದ ಒಂದು ಮೀಟರ್ ದೂರದಲ್ಲಿದ್ದರೆ ಕೈಗಳಿಗೆ ಮುಖದ ಕಾಲುಭಾಗ ಬೆಳಕು ಮಾತ್ರ ಸಿಗುತ್ತದೆ. ದೀಪವನ್ನು ಹಿಂದಕ್ಕೆ ಸರಿಸಿ ಆ ದೂರಗಳನ್ನು ಒಂದೂವರೆ ಮತ್ತು ಎರಡು ಮೀಟರ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಸಿಗುತ್ತದೆ. ತೋಟದಲ್ಲಿ ಬದುಕು ಸವೆಸಿದವರ ಕೈಗಳಿಗೆ ಮುಖದಷ್ಟೇ ಹೇಳುವುದಿರುತ್ತದೆಯಾದ್ದರಿಂದ ನಾನು ಸಾಮಾನ್ಯವಾಗಿ ಒಂದೂವರೆ ಮೀಟರಿನಿಂದಲೇ ಆರಂಭಿಸುತ್ತೇನೆ. ಕಿಟಕಿಯಂಥ ದೊಡ್ಡ ಬೆಳಕಿನ ಸಮೀಪದಲ್ಲಿ ಈ ಇಳಿತ ಇಷ್ಟು ಕಡಿದಾಗಿರುವುದಿಲ್ಲ, ಆದರೂ ದಿಕ್ಕು ಇದೇ.

ಮುಖದ ಮೇಲೆ ನೆರಳನ್ನು ಕೂರಿಸುವುದು

ಹಿರಿಯರನ್ನು ಕೂರಿಸಿಕೊಂಡು ಕಲಿಯುವುದು ಸರಿಯಲ್ಲ. ಮೊದಲು ಮನೆಯ ಹುಡುಗರಲ್ಲಿ ಯಾರನ್ನಾದರೂ ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಂದು ಟಾರ್ಚನ್ನು ಅವರ ಮುಖದ ಸುತ್ತ ನಿಧಾನವಾಗಿ ಸುತ್ತಿಸಿ, ಮೂಗಿನ ನೆರಳೊಂದನ್ನೇ ಗಮನಿಸಿ. ಎದುರಿನಿಂದ ಮೇಲಿದ್ದಾಗ ಅದು ಮೂಗಿನ ಕೆಳಗೆ ಚಿಟ್ಟೆಯಂತೆ ಕೂರುತ್ತದೆ. ಬದಿಗೆ ಸರಿದಂತೆ ತುಟಿಯ ಮೂಲೆಯ ಕಡೆಗೆ ಸಣ್ಣ ಕೊಂಡಿಯಾಗಿ ಬಾಗುತ್ತದೆ. ಇನ್ನೂ ಸರಿದು ಸುಮಾರು 45 ಡಿಗ್ರಿಗೆ ಬಂದಾಗ ಮೂಗಿನ ನೆರಳು ಹೋಗಿ ಕೆನ್ನೆಯ ನೆರಳನ್ನು ಕೂಡುತ್ತದೆ, ಕತ್ತಲೆಯ ಕೆನ್ನೆಯ ಮೇಲೆ ಕಣ್ಣಿನ ಕೆಳಗೆ ತ್ರಿಕೋನಾಕಾರದ ಒಂದು ತುಂಡು ಬೆಳಕು ಉಳಿಯುತ್ತದೆ. ಪೂರ್ತಿ ಬದಿಗೆ ಹೋದರೆ ಮುಖ ನಡುವೆ ಸೀಳಿ, ಒಂದರ್ಧ ಬೆಳಕು ಒಂದರ್ಧ ಕತ್ತಲೆಯಾಗುತ್ತದೆ.

ಆ ತ್ರಿಕೋನದ ಬೆಳಕಿಗೆ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ಅವರ ಹೆಸರು ಅಂಟಿಕೊಂಡಿದೆ. ಛಾಯಾಗ್ರಾಹಕರು ಅದಕ್ಕೊಂದು ಅಳತೆಯನ್ನೂ ಇಟ್ಟುಕೊಂಡಿದ್ದಾರೆ: ತ್ರಿಕೋನ ಕಣ್ಣಿಗಿಂತ ಅಗಲವಾಗಿರಬಾರದು, ಮೂಗಿಗಿಂತ ಉದ್ದವಾಗಿರಬಾರದು. ಅದನ್ನು ಪಡೆಯಲು ದೀಪವನ್ನು ಮುಖದ ಒಂದು ಬದಿಗೆ 45 ಡಿಗ್ರಿಯಷ್ಟು ಸರಿಸಿ, ಕಣ್ಣಿನ ಮಟ್ಟಕ್ಕಿಂತ ಎರಡು ಮೂರಡಿ ಮೇಲೇರಿಸಿ, ಬಳಿಕ ದೀಪವನ್ನು ಮುಟ್ಟದೆ ಕೂತವರ ತಲೆಯನ್ನೇ ಕೂದಲೆಳೆಯಷ್ಟು ತಿರುಗಿಸುತ್ತಾ ಬನ್ನಿ. ತ್ರಿಕೋನ ಸರಿಯಾಗಿ ಕೂತಿದೆಯೇ ಎಂಬುದಕ್ಕಿಂತ ನೆರಳಿನ ಕಡೆಯ ಕಣ್ಣಿನಲ್ಲಿ ಹೊಳೆಯುವ ಚುಕ್ಕೆ ಇದೆಯೇ ಎಂಬುದು ಮುಖ್ಯ. ಆ ಚುಕ್ಕೆ ಇಲ್ಲದ ಕಣ್ಣು ಚಿತ್ರದಲ್ಲಿ ಗುಳಿಯಂತೆ ಕಾಣುತ್ತದೆ. ವಯಸ್ಸಾದವರ ಕಣ್ಣು ಒಳಸೇರಿರುವುದರಿಂದ, ಪೇಟದಂಥ ಮಂಡೆತುಣಿ ಕಟ್ಟಿದ್ದರೆ ಅದರ ನೆರಳೂ ಹಣೆಗೆ ಇಳಿಯುವುದರಿಂದ, ಅವರಿಗೆ ದೀಪ ಯುವಕರಿಗಿಟ್ಟದ್ದಕ್ಕಿಂತ ಅರ್ಧ ಅಡಿ ಕೆಳಗೇ ಇರಲಿ. “ಅಜ್ಜ, ಗಲ್ಲ ಸ್ವಲ್ಪ ಮೇಲೆ ಮಾಡಿ” ಎಂದರೆ ಬಹುತೇಕ ಕೆಲಸ ಅಷ್ಟರಲ್ಲೇ ಆಗುತ್ತದೆ.

ಕಿಟಕಿಯನ್ನು ಸರಿಸಲಾಗದ ಕಾರಣ ಅಲ್ಲಿ ಕೂತವರೂ ಕ್ಯಾಮೆರಾವೂ ಸರಿಯಬೇಕು. ಮುಖ ಕಿಟಕಿಯ ಕಡೆಗೆ ತಿರುಗಿದ್ದು, ನಾವು ಅದರ ನೆರಳಿನ ಬದಿಯಲ್ಲಿ ನಿಂತರೆ ಕ್ಯಾಮೆರಾಕ್ಕೆ ಹತ್ತಿರದ ಕೆನ್ನೆ ಕತ್ತಲೆಯಲ್ಲೂ ದೂರದ ಕೆನ್ನೆ ಬೆಳಕಿನಲ್ಲೂ ಇರುತ್ತದೆ. ಮುಖ ಕಿರಿದಾಗಿ, ಆಳವಾಗಿ ಕಾಣುತ್ತದೆ. ಬೆಳಕಿನ ಬದಿಯಿಂದ ತೆಗೆದರೆ ಮುಖ ಅಗಲವಾಗಿ, ಚಪ್ಪಟೆಯಾಗಿ ಬರುತ್ತದೆ. ನಾಟಕೀಯತೆ ಬೇಕೆನ್ನುವವರಿಗೆ ಮೊದಲನೆಯದೇ ಸರಿ. ಕನ್ನಡಕ ಹಾಕಿದವರಿದ್ದರೆ, ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿಸಿ ಗಾಜು ನೆಲದ ಕಡೆ ಬಾಗುವಂತೆ ಮಾಡಿದರೆ ಪ್ರತಿಫಲನ ಕೆಳಗೆ ಜಾರುತ್ತದೆ.

ಕುಪ್ಯವನ್ನು ಕತ್ತಲೆಯಿಂದ ಬಿಡಿಸುವುದು

ಈಗ ನನ್ನ ಎರಡನೆಯ ತಪ್ಪಿಗೆ ಬರುತ್ತೇನೆ. ಕಪ್ಪು ಬಟ್ಟೆಯ ಹಿಂದೆ ಕಪ್ಪು ಗೋಡೆ ಇದ್ದರೆ ಹೆಗಲಿನ ಗೆರೆ ಇಲ್ಲವಾಗುತ್ತದೆ. ಸ್ಟುಡಿಯೊದವರು ಇದಕ್ಕೆ ಹಿಂದಿನಿಂದ ಎರಡನೆಯ ದೀಪ ಇಡುತ್ತಾರೆ. ಒಂದೇ ಬೆಳಕಿನಲ್ಲಿ ಇದನ್ನು ಸಾಧಿಸಲು ಎರಡು ಉಪಾಯಗಳಿವೆ.

ಮೊದಲನೆಯದು, ಗೋಡೆಯನ್ನು ಪೂರ್ತಿ ಕಪ್ಪಾಗಲು ಬಿಡದಿರುವುದು. ಬೆಳಕಿನ ಕಡೆಯ ಹೆಗಲು ತಾನಾಗಿಯೇ ಕಾಣುತ್ತದೆ, ಸೋಲುವುದು ನೆರಳಿನ ಕಡೆಯ ಹೆಗಲು. ಆ ಹೆಗಲಿನ ಹಿಂದಿನ ಗೋಡೆಗೆ ಮಾತ್ರ ತುಸು ಬೆಳಕು ಹರಿದರೆ ಕಪ್ಪು ಕುಪ್ಯ ಬೂದು ಗೋಡೆಯ ಎದುರು ಎದ್ದು ನಿಲ್ಲುತ್ತದೆ. ಎಡದಲ್ಲಿರುವ ದೀಪ ಸ್ವಾಭಾವಿಕವಾಗಿಯೇ ಬಲಗಡೆಯ ಗೋಡೆಗೆ ಹರಿಯುವುದರಿಂದ, ಅಜ್ಜನನ್ನು ಗೋಡೆಯಿಂದ ಒಂದೂವರೆ ಎರಡು ಮೀಟರಿನಷ್ಟೇ ಮುಂದೆ ಕೂರಿಸಿ ಆ ಹರಿವನ್ನು ಉಳಿಸಿಕೊಳ್ಳಬಹುದು. ಎಡಗಡೆಯ ಗೋಡೆಗೆ ಬೆಳಕು ಬೀಳದಂತೆ ದೀಪದ ಪಕ್ಕ ಒಂದು ಕಪ್ಪು ಚಾರ್ಟ್ ಪೇಪರನ್ನು ರೆಕ್ಕೆಯಂತೆ ಕಟ್ಟಿ. ಹೀಗೆ ಬೆಳಕಿನ ಕೆನ್ನೆಯ ಹಿಂದೆ ಕತ್ತಲೆ, ಕತ್ತಲೆಯ ಹೆಗಲಿನ ಹಿಂದೆ ಬೆಳಕು ಬಂದು ಚಿತ್ರಕ್ಕೆ ಆಳ ಸಿಗುತ್ತದೆ.

ಎರಡನೆಯದು ಕನ್ನಡಿ. ಮೈಸೂರಿನಲ್ಲಿ ಹುಟ್ಟಿದ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೊದ ಕತ್ತಲೆಯೊಳಕ್ಕೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವನ್ನು ಮೂಡಿಸಿದ್ದು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿಯೇ. ನಮಗೆ ಅಷ್ಟು ದೊಡ್ಡ ಸಾಹಸ ಬೇಕಾಗಿಲ್ಲ. ಗೋಡೆಗೆ ತೂಗುಹಾಕುವ ಒಂದಡಿಯ ಕನ್ನಡಿ ಸಾಕು. ಅದನ್ನು ನೆರಳಿನ ಬದಿಯಲ್ಲಿ, ಕಂಬಳಿಯ ಹಿಂದಿನ ಅಂಚಿನಾಚೆ, ಅಜ್ಜನ ಬೆನ್ನಿನ ಕಡೆಗೆ ಇಟ್ಟು, ದೀಪದ ಬೆಳಕು ಅದಕ್ಕೆ ತಾಗಿ ಹೆಗಲು ಮತ್ತು ಕಿವಿಯ ಅಂಚಿಗೆ ಮರಳುವಂತೆ ಓರೆಮಾಡಿ. ಕನ್ನಡಿ ಇರುವಲ್ಲಿಂದ ದೀಪ ಕಾಣುತ್ತಿರಬೇಕು, ಕ್ಯಾಮೆರಾಕ್ಕೆ ಕನ್ನಡಿ ಕಾಣಬಾರದು. ಮರಳಿ ಬಂದ ಬೆಳಕು ಗೆರೆಯಷ್ಟೇ ಇರಲಿ. ಅದು ಕೆನ್ನೆಗೂ ಹರಡಿದರೆ ಎರಡು ದೀಪ ಇಟ್ಟಂತೆ ಕಂಡು ಇಷ್ಟು ಹೊತ್ತು ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ಪೀಚೆಕತ್ತಿಯ ಬೆಳ್ಳಿಗೂ ಕನ್ನಡಿಯ ನಿಯಮವೇ ಅನ್ವಯಿಸುತ್ತದೆ. ಅದು ಬೆಳಕಿಗೆ ಹೊಳೆಯುವುದಿಲ್ಲ, ಎದುರಿಗಿರುವುದನ್ನು ಪ್ರತಿಫಲಿಸುತ್ತದೆ. ಕತ್ತಿಯನ್ನು ಒಂದೆರಡು ಡಿಗ್ರಿ ತಿರುಗಿಸಿದರೆ ಸುಟ್ಟ ಚುಕ್ಕೆ ಹೋಗಿ ಕೆತ್ತನೆ ಕಾಣುತ್ತದೆ. ಹೆಂಗಸರ ಜೋಮಾಲೆ, ಕೊಕ್ಕೆತಾತಿ, ಪತ್ತಾಕ್ ಇವುಗಳ ಚಿನ್ನಕ್ಕೆ ಬರೀ ಬಲ್ಬಿಗಿಂತ ಪಂಚೆ ಕಟ್ಟಿದ ಬೆಳಕೇ ಒಳ್ಳೆಯದು, ಏಕೆಂದರೆ ಲೋಹದಲ್ಲಿ ಪ್ರತಿಫಲಿಸುವುದು ಆಗ ಬಿಂದುವಲ್ಲ, ಅಗಲವಾದ ಬಿಳಿ ಮೇಲ್ಮೈ.

ಕ್ಯಾಮೆರಾದ ಅಳತೆಗಳು

ಕ್ಯಾಮೆರಾದ ಮೀಟರು ತಾನು ಕಂಡದ್ದೆಲ್ಲ ಮಧ್ಯಮ ಬೂದು ಎಂದು ನಂಬುತ್ತದೆ. ಕಪ್ಪು ಕುಪ್ಯ, ಕಪ್ಪು ಕೋಣೆ ತೋರಿಸಿದರೆ ಅದು ಎರಡನ್ನೂ ಬೂದು ಮಾಡಲು ಹೊರಟು ಮುಖವನ್ನು ಸುಟ್ಟುಹಾಕುತ್ತದೆ. ಆದ್ದರಿಂದ ಮ್ಯಾನುಯಲ್ ಕ್ರಮದಲ್ಲಿ, ಬೆಳಕಿನ ಕೆನ್ನೆಗೆ ಸರಿಯಾಗುವ ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಇಟ್ಟು, ಉಳಿದದ್ದನ್ನು ಕತ್ತಲೆಗೆ ಬಿಡಿ. ಹಿಸ್ಟೊಗ್ರಾಮ್, ಅಂದರೆ ಚಿತ್ರದ ಕತ್ತಲೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಎಡಕ್ಕೆ ಗುಡ್ಡೆ ಹಾಕಿಕೊಂಡಿದ್ದರೆ ಗಾಬರಿ ಬೇಡ. ಬಲದ ಅಂಚಿಗೆ ಅಂಗಿಯ ಬಿಳಿ ತಾಗದಿದ್ದರೆ ಸಾಕು.

ಮಳೆಗಾಲದ ಕಿಟಕಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/4, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/60 ಸೆಕೆಂಡ್ ಇಟ್ಟು, ಟ್ರೈಪಾಡಿನ ಮೇಲೆ ಆರಂಭಿಸಿ, ಕಂಡಂತೆ ಏರಿಳಿಸಿಕೊಳ್ಳಿ. ಫ್ಲ್ಯಾಶ್ ಆದರೆ ಐಎಸ್‌ಒ 100, ಎಫ್/8, 1/160. ಫ್ಲ್ಯಾಶಿನ ಶಕ್ತಿ ಎಂಟನೆಯ ಒಂದು ಭಾಗದಿಂದ ಶುರುವಾಗಲಿ. ಇಲ್ಲಿ ಶಟರ್ ವೇಗ ಕೋಣೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಫ್ಲ್ಯಾಶಿನ ಬೆಳಕನ್ನಲ್ಲ. ಫ್ಲ್ಯಾಶಿನೊಂದಿಗೆ ಶಟರ್ ಹೊಂದಿಕೊಳ್ಳುವ ಗರಿಷ್ಠ ವೇಗವಾದ ಸಿಂಕ್ ವೇಗವನ್ನು, ಅಂದರೆ ಬಹುಪಾಲು ಕ್ಯಾಮೆರಾಗಳಲ್ಲಿ 1/200ರ ಆಸುಪಾಸನ್ನು, ದಾಟಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗಿ ಬರುತ್ತದೆ. ಮನೆಯ ಎಲ್‌ಇಡಿ ಬಲ್ಬಿನದು ಬೇರೆ ತೊಂದರೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುವುದಿಲ್ಲ. ಅಂಥ ಬಲ್ಬುಗಳಲ್ಲಿ ಕೆಂಪು ಬಣ್ಣ ಕಳೆಗುಂದಿ ಚೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುವುದೂ ಉಂಟು, ಹಾಗಾಗಿ ಬಣ್ಣ ಮುಖ್ಯವಾದಾಗ ಕಿಟಕಿಯನ್ನೇ ನಂಬುವುದು ಲೇಸು.

ಮೊಬೈಲಿನಲ್ಲಿ ತೆಗೆಯುವವರು ಎಚ್‌ಡಿಆರ್ ಮತ್ತು ರಾತ್ರಿ ಕ್ರಮಗಳನ್ನು ಆಫ್ ಮಾಡಬೇಕು, ಏಕೆಂದರೆ ನಾವು ಕಷ್ಟಪಟ್ಟು ಮಾಡಿದ ನೆರಳನ್ನು ಅವು ತಾವಾಗಿ ಎತ್ತಿಬಿಡುತ್ತವೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು, ಎಕ್ಸ್‌ಪೋಶರ್ ಲಾಕ್ ಆದ ಮೇಲೆ ಬೆರಳನ್ನು ಕೆಳಕ್ಕೆ ಎಳೆದು, ಹಣೆಯ ಹೊಳಪು ಇಳಿಯುವವರೆಗೆ ಕತ್ತಲೆ ಮಾಡಿ. ಹತ್ತಿರ ಹೋಗಿ ತೆಗೆದರೆ ಮೂಗು ಉಬ್ಬುವುದರಿಂದ ಎರಡು ಮೀಟರ್ ಹಿಂದೆ ನಿಂತು 2 ಪಟ್ಟು ಲೆನ್ಸ್ ಬಳಸಿ.

ಒಕ್ಕದ, ಅಂದರೆ ಕೊಡವ ಮನೆತನದ, ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಬೆಳಕಿನಲ್ಲೇ ತೆಗೆಯುವ ಆಸೆ ಅನೇಕರಿಗಿರುತ್ತದೆ, ನನಗೂ ಇತ್ತು. ಸಣ್ಣ ಜ್ವಾಲೆಯಾದ್ದರಿಂದ ನೆರಳು ಗಡುಸಾಗಿರುತ್ತದೆ. ಐಎಸ್‌ಒ 3200, ಎಫ್/1.8, 1/60ರ ಮಟ್ಟಕ್ಕೆ ಹೋಗಬೇಕಾಗುತ್ತದೆ. ವೈಟ್ ಬ್ಯಾಲೆನ್ಸನ್ನು ತೀರ ಸರಿಪಡಿಸದೆ ಜ್ವಾಲೆಯ ಕೆಂಪನ್ನು ಸ್ವಲ್ಪ ಉಳಿಸಿಕೊಂಡರೆ ಚೆಂದ. ಆದರೆ ಅದು ಒಕ್ಕದ ಹಿರಿಯರ ನೆನಪಿಗೆ ಹಚ್ಚುವ ದೀಪ. ಮನೆಯವರನ್ನು ಕೇಳಿ, ಅವರು ಹಚ್ಚಿದ ಹೊತ್ತಿಗೆ, ಅದು ಇದ್ದ ಜಾಗದಲ್ಲೇ ಇರುವಂತೆ ತೆಗೆಯಬೇಕು. ಫೋಟೊಗೆಂದು ಇಳಿಸುವುದು, ಸರಿಸುವುದು ಸಲ್ಲದು. ಬದಿಯ ಬೆಳಕು ಸುಕ್ಕನ್ನು ಎತ್ತಿ ತೋರಿಸುತ್ತದೆ ಎಂಬುದನ್ನೂ ಕೂತವರಿಗೆ ಮೊದಲೇ ಹೇಳಿ, ಮೊದಲ ಚಿತ್ರವನ್ನು ತೋರಿಸಿ ಮುಂದುವರಿಯಿರಿ. “ಇಷ್ಟು ವಯಸ್ಸಾದಂತೆ ಯಾಕೆ ಮಾಡಿದೆ ಮಗ?” ಎಂದು ಒಬ್ಬ ಅಜ್ಜಿ ಕೇಳಿದ ಮೇಲೆ ನಾನು ಇದನ್ನು ತಪ್ಪಿಸಿಲ್ಲ; ಅವರಿಗೆ ಕಂಬಳಿಯ ಜಾಗದಲ್ಲಿ ಬಿಳಿ ಪಂಚೆ ಇಳಿಬಿಟ್ಟು ಮತ್ತೆ ತೆಗೆದುಕೊಟ್ಟೆ.

ಕೊನೆಯದಾಗಿ ಮುದ್ರಣ. ಪರದೆಯ ಮೇಲೆ ಕಾಣುವ ಕುಪ್ಯದ ಮಡಿಕೆಗಳು ಕಾಗದದಲ್ಲಿ, ಅದರಲ್ಲೂ ಮ್ಯಾಟ್ ಕಾಗದದಲ್ಲಿ, ಒಂದೇ ಕಪ್ಪಾಗಿ ಮುಚ್ಚಿಹೋಗುತ್ತವೆ. ದೊಡ್ಡ ಪ್ರತಿಗೆ ಹೇಳುವ ಮೊದಲು ಹೆಗಲು ಮತ್ತು ಎದೆಯ ಭಾಗವನ್ನಷ್ಟೇ ಕತ್ತರಿಸಿ, ನೆರಳನ್ನು ಇದ್ದಂತೆ ಒಂದು, ಸ್ವಲ್ಪ ಎತ್ತಿ ಒಂದು, ಇನ್ನೂ ಸ್ವಲ್ಪ ಎತ್ತಿ ಒಂದು ಎಂದು ಮೂರು ಸಣ್ಣ ಪ್ರತಿ ತೆಗೆಸಿ. ಚಿತ್ರ ತೂಗುಹಾಕಲಿರುವ ಗೋಡೆಯ ಬಳಿಗೇ ಅವನ್ನು ಒಯ್ದು, ಆ ಕೋಣೆಯ ಬೆಳಕಿನಲ್ಲಿ ಮಡಿಕೆ ಕಾಣುವ ಪ್ರತಿಯನ್ನು ಆರಿಸಿಕೊಳ್ಳಿ.